ಬಳ್ಳಾರಿ ಬಿಸಿಲಲ್ಲಿ ಸೇಬು: ಹಿತ್ತಲಿಗೆ ಎರಡು ಗಿಡ ಸರಿ, ಹೊಲಕ್ಕೆ ಬ್ಯಾಡ

ಕಳೆದ ವಾರ ಕುರುಗೋಡು ಕಡೆಯ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಕಳಿಸಿದ್ದ. ಕೆಂಪು ಹಣ್ಣು ಜೋತುಬಿದ್ದ ಸೇಬಿನ ಗಿಡ, ಹಿಂದೆ ಸಿನಿಮಾ ಹಾಡು. ಕೆಳಗೆ ಒಂದೇ ಸಾಲು: ‘ಅಣ್ಣಾ, ಎರಡು ಎಕರೆ ಅಂಜೂರ ಕಿತ್ತು ಇದನ್ನ ಹಾಕ್ಲಾ?’ ಫೋನ್ ಮಾಡಿ ನಾನು ಹೇಳಿದ ಮೊದಲ ಮಾತು, ‘ಜೆಸಿಬಿ ಬಂದಿದ್ರೆ ವಾಪಸ್ ಕಳಿಸಪ್ಪ.’

ಹಂಗಂತ ಸೇಬು ನಮ್ಮಲ್ಲಿ ಬರೋದೇ ಇಲ್ಲ ಅಂತಲ್ಲ. ಬಳ್ಳಾರಿ ಊರೊಳಗೆ ನಮ್ಮ ಮನೆ ಹಿತ್ತಲಲ್ಲಿ ಎರಡು ಗಿಡ ಇವೆ, ಹಣ್ಣೂ ತಿಂದಿದ್ದೇವೆ. ಆದರೆ ಅದಕ್ಕೂ ಮುಂಚೆ ಮೂರು ಗಿಡ ಸಾಯಿಸಿದ್ದೇನೆ. ಅದನ್ನೂ ಸೇರಿಸಿ ಹೇಳಿದರೇ ನಿಮಗೆ ಉಪಯೋಗ.

ಸೇಬಿಗೆ ಚಳಿ ಯಾಕೆ ಬೇಕು ಅನ್ನೋದು ಮೊದಲು ತಿಳಿಯಲಿ. ಚಳಿಗಾಲ ಬಂದರೆ ಸೇಬಿನ ಗಿಡ ಎಲೆ ಉದುರಿಸಿ ಮಲಗುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪು ಇಷ್ಟು ಗಂಟೆ ಸಿಕ್ಕಿತು ಅಂತ ಒಳಗೇ ಲೆಕ್ಕ ಇಟ್ಟುಕೊಂಡು, ಆಮೇಲೆ ಮೊಗ್ಗು ಬಿಡುತ್ತದೆ. ಕಾಶ್ಮೀರ, ಹಿಮಾಚಲದ ಡೆಲಿಷಿಯಸ್ ಜಾತಿಗಳಿಗೆ ಸಾವಿರ ಗಂಟೆಯ ಆಸುಪಾಸು ಬೇಕು. ನಮ್ಮಲ್ಲಿ ಡಿಸೆಂಬರ್ ರಾತ್ರಿಗೂ ಅಂಥ ಚಳಿ ಇಲ್ಲ. ಹಾಗಾಗಿ ‘ಕಾಶ್ಮೀರಿ ಸೇಬು’ ಅಂತ ಗಾಡಿಯಲ್ಲಿ ಮಾರುವ ಸಸಿ ತಂದರೆ ಎಲೆ ಬರುತ್ತದೆ, ಹೂ ಬರಲ್ಲ. ನನ್ನ ಮೊದಲ ಸಸಿ ಅಂಥದ್ದೇ.

ಕಡಿಮೆ ಚಳಿ ಸಾಕಾಗುವ ಜಾತಿಗಳು ಬೇರೆ ಇವೆ. ಇಸ್ರೇಲಿನ ಅನ್ನಾ, ಬಹಾಮಾಸ್ ದ್ವೀಪದ ಡಾರ್ಸೆಟ್ ಗೋಲ್ಡನ್, ನಮ್ಮದೇ ದೇಶದ ಎಚ್‌ಆರ್‌ಎಂಎನ್-99. ಈ ಕೊನೆಯದರ ಕಥೆ ಚೆನ್ನಾಗಿದೆ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ 1998ರಲ್ಲಿ ತಿಂದು ಎಸೆದ ಸೇಬಿನ ಬೀಜದಿಂದ ಹಿತ್ತಲಲ್ಲಿ ಒಂದು ಗಿಡ ಹುಟ್ಟಿತು. ಅದು ಸೆಕೆಯ ಊರಲ್ಲೂ ಹಣ್ಣು ಬಿಟ್ಟಿತು, ಅದನ್ನೇ ಕಸಿ ಮಾಡಿ ಹಬ್ಬಿಸಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಂಗಂತ ನೀವೂ ಬೀಜ ಊರಿ ಕೂತರೆ ಆಗಲ್ಲ. ಬೀಜದ ಗಿಡ ತಾಯಿಯಂತೆ ಇರೋದಿಲ್ಲ, ಅವರಿಗೆ ಸಿಕ್ಕಿದ್ದು ಲಾಟರಿ. ಕಸಿ ಸಸಿಯನ್ನೇ ತನ್ರಿ. ಅನ್ನಾ ಹಾಕಿದರೆ ಪಕ್ಕದಲ್ಲಿ ಡಾರ್ಸೆಟ್ ಗೋಲ್ಡನ್ ಇರಲೇಬೇಕು, ಪರಾಗಕ್ಕೆ. ನನ್ನವು ಈ ಎರಡೇ.

ಈಗ ಮಣ್ಣು. ನನ್ನ ಎರಡನೇ ಗಿಡ ಸತ್ತದ್ದು ಇಲ್ಲೇ. ನೀರಿನ ಖರ್ಚು ಉಳಿಯಲಿ ಅಂತ ಬಚ್ಚಲ ನೀರು ಹೋಗುವ ಜಾಗದಲ್ಲಿ, ಎರೆ ಮಣ್ಣಲ್ಲಿ ನೆಟ್ಟಿದ್ದೆ. ಒಂದೇ ಮಳೆಗಾಲಕ್ಕೆ ಬುಡ ಕೊಳೆಯಿತು. ಸೇಬಿನ ಬೇರಿಗೆ ನಿಂತ ನೀರು ಆಗಿಬರಲ್ಲ. ಸಿರುಗುಪ್ಪ ಕಡೆ, ಕಾಲುವೆ ಕೆಳಗೆ, ಸುತ್ತ ಭತ್ತದ ಗದ್ದೆ ಇರುವವರಿಗೆ ಇದು ಇನ್ನೂ ಕಷ್ಟ. ಬಸಿ ನೀರು ಮೇಲೇ ಇರುತ್ತದೆ, ಕೆಲವು ಕಡೆ ಸವಳೂ ಇದೆ. ಅಲ್ಲಿ ಗುಂಡಿ ತೋಡಬ್ಯಾಡ್ರಿ, ಎರಡು ಅಡಿ ಎತ್ತರದ ದಿಬ್ಬ ಮಾಡ್ರಿ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಕಸಿ ಕಟ್ಟಿದ ಗಂಟು ಮಣ್ಣಿಗಿಂತ ಅರ್ಧ ಅಡಿ ಮೇಲಿರಬೇಕು. ಗಂಟಿನ ಕೆಳಗೆ ಚಿಗುರು ಬಂದರೆ ಕೂಡಲೇ ಮುರಿದು ಹಾಕ್ರಿ. ನನ್ನ ಮೂರನೇ ಗಿಡದಲ್ಲಿ ಮೇಲಿನ ಕಸಿ ಒಣಗಿ ಹೋಗಿತ್ತು, ಕೆಳಗಿನ ಕಾಡು ಚಿಗುರಿಗೆ ನಾನು ಒಂದೂವರೆ ವರ್ಷ ನೀರು ಹಾಕಿ ಸಾಕಿದ್ದೆ. ಮನೆಯವರು ಇವತ್ತಿಗೂ ನಗ್ತಾರೆ.

ಹಿಮಾಚಲದಿಂದ ಬರಿಬೇರಿನ ಸಸಿ ಬರೋದು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ. ನೇರ ನೆಲಕ್ಕೆ ಇಟ್ಟರೆ ಎರಡೇ ತಿಂಗಳಲ್ಲಿ ನಮ್ಮ ಬ್ಯಾಸಗಿ ಹಿಡಿದುಬಿಡುತ್ತದೆ. ದೊಡ್ಡ ಚೀಲದಲ್ಲಿ ನೆಟ್ಟು ನೆರಳಲ್ಲಿ ಬೆಳೆಸಿ, ಜುಲೈನಲ್ಲಿ ದಿಬ್ಬಕ್ಕೆ ಇಡ್ರಿ.

ಎರಡು ವರ್ಷ ಹಣ್ಣಿನ ಆಸೆ ಬ್ಯಾಡ, ಹೂ ಬಂದರೂ ಕಿತ್ತು ಹಾಕ್ರಿ. ಕಾಂಡಕ್ಕೆ ಸುಣ್ಣ ಬಳಿದರೆ ಬಿಸಿಲಿಗೆ ತೊಗಟೆ ಸೀಳಲ್ಲ. ಬುಡಕ್ಕೆ ಭತ್ತದ ಹುಲ್ಲು ಹೊದಿಸ್ರಿ, ಕಾಂಡಕ್ಕೆ ತಾಗಿಸಬ್ಯಾಡ್ರಿ, ಗೆದ್ದಲು ಏರುತ್ತದೆ.

ಮೂರನೇ ವರ್ಷದಿಂದ ನಿಜವಾದ ಕೆಲಸ. ಚಳಿ ಇಲ್ಲದ ಕಡೆ ಗಿಡವನ್ನ ನಾವೇ ಮಲಗಿಸಿ ಎಬ್ಬಿಸಬೇಕು. ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ, ಬಾತು ಅನ್ನೋ ಊರಿನ ಸುತ್ತ, ಕೊಯ್ಲಾದ ಮೇಲೆ ಕೈಯಿಂದಲೇ ಎಲ್ಲ ಎಲೆ ಬೋಳಿಸಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ದಾಳಿಂಬೆ ಬೆಳೆದವರಿಗೆ ಇದೇನು ಹೊಸದಲ್ಲ, ಹಸ್ತ ಬಹಾರಿಗೆ ನೀರು ನಿಲ್ಲಿಸಿ ಎಲೆ ಉದುರಿಸ್ತೀವಲ್ಲ, ಹಂಗೇ.

ಮೊದಲ ಸಲ ನಾನು ಡಿಸೆಂಬರ್ ಕೊನೆಗೆ ಎಲೆ ಕಿತ್ತೆ. ಹೂ ಚೆನ್ನಾಗಿಯೇ ಬಂತು. ಆದರೆ ಕಾಯಿ ದಪ್ಪ ಆಗುವ ಹೊತ್ತಿಗೆ ಏಪ್ರಿಲ್. 40 ಡಿಗ್ರಿ ಬಿಸಿಲಿಗೆ ಪಡುವಣ ದಿಕ್ಕಿನ ಕಾಯಿಗಳು ಬೆಂದ ಬದನೆಕಾಯಿ ಹಂಗೆ ಆದವು. ಮುಂದಿನ ವರ್ಷ ಮಳೆ ಮುಗಿದ ಮೇಲೆ ಎರಡು ವಾರ ನೀರು ಕಡಿಮೆ ಮಾಡಿ, ಅಕ್ಟೋಬರ್ ಕೊನೆಗೆ ಎಲೆ ಬೋಳಿಸಿದೆ. ನೆಟ್ಟಗೆ ನಿಂತ ಟೊಂಗೆಗಳನ್ನ ಹಗ್ಗ ಕಟ್ಟಿ ಅಡ್ಡ ಬಗ್ಗಿಸಿದೆ, ಹಂಗೆ ಮಾಡಿದರೆ ಉದ್ದಕ್ಕೂ ಮೊಗ್ಗು ಒಡೆಯುತ್ತವೆ. ಆಮೇಲೆ ನೀರು, ಗೊಬ್ಬರ. ಒಂದು ತಿಂಗಳಿಗೆ ಹೂ, ಮಾರ್ಚ್ ಕೊನೆಗೆ ಹಣ್ಣು. ಗೊಂಚಲಿಗೆ ಒಂದೇ ಕಾಯಿ ಬಿಟ್ಟು ಉಳಿದದ್ದು ಕಿತ್ತಿದ್ದೆ. ಫೆಬ್ರುವರಿಯಿಂದ ಮೇಲೆ ನೆರಳು ಪರದೆ, ಹಣ್ಣಿಗೆ ಚೀಲ. ಚೀಲ ಇಲ್ಲದಿದ್ದರೆ ಗಿಳಿ, ಅಳಿಲು ನಿಮಗಿಂತ ಮುಂಚೆ ರುಚಿ ನೋಡ್ತವೆ.

ಹಣ್ಣು ಹೆಂಗಿತ್ತು? ಸಿಹಿ, ಸ್ವಲ್ಪ ಹುಳಿ, ಬಣ್ಣ ಮಾತ್ರ ಹಳದಿ. ಕೆಂಪು ಏರೋಕೆ ತಂಪು ರಾತ್ರಿ ಬೇಕು. ಇಟ್ಟರೆ ಬೇಗ ಮೆತ್ತಗಾಗುತ್ತದೆ. ಮನೆ ಮಕ್ಕಳಿಗೆ ಇದರಿಂದ ತೊಂದರೆ ಇಲ್ಲ. ಆದರೆ ಮಾರ್ಕೆಟ್‌ನಲ್ಲಿ ಇದು ಮೇಣ ಹಚ್ಚಿದ ಕೆಂಪು ಸೇಬಿನ ಪಕ್ಕ ಕೂರಬೇಕು, ಅಲ್ಲಿ ಕೇಳೋರು ಯಾರು?

ಆ ಹುಡುಗನಿಗೂ ಇದನ್ನೇ ಹೇಳಿದೆ. ಕುರುಗೋಡಿನ ಅಂಜೂರಕ್ಕೆ ಬಿಸಿಲು, ಒಣ ಹವೆಯೇ ಬಲ, ಕೊಳ್ಳುವವರೂ ಹುಡುಕಿಕೊಂಡು ಬರ್ತಾರೆ. ಆ ಗಿಡ ಕಿತ್ತರೆ ಮತ್ತೆ ಅಷ್ಟಾಗೋಕೆ ವರ್ಷಗಳು ಬೇಕು, ಅಲ್ಲೀವರೆಗೆ ಸಾಲದ ಕಂತು ನಿಲ್ಲಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಬೋರ್‌ವೆಲ್ ಹತ್ರ ದಿಬ್ಬ ಮಾಡಿದ್ರೆ ಎರಡು ಗಿಡಕ್ಕೆ ಜಾಗ ಆಗ್ತದಣ್ಣ’ ಅಂದ. ಜಾಗದ ಫೋಟೊ ಕಳಿಸು ಅಂದಿದ್ದೇನೆ. ಬೋರ್ ನೀರು ಸವಳಿದ್ದರೆ ಅಲ್ಲೂ ಬ್ಯಾಡ, ಮೊದಲು ನೀರು ಪರೀಕ್ಷೆ ಮಾಡಿಸು ಅಂತಲೂ ಹೇಳಿದ್ದೇನೆ.