ನೆಲಮಾಳಿಗೆ ವಾಸದ ಕೋಣೆಯಾಗಬೇಕಾದರೆ

ಕನ್ನಡದಲ್ಲಿ 'ಮಾಳಿಗೆ' ಎಂದರೆ ಮೇಲಂತಸ್ತು, ಇಲ್ಲವೇ ಮನೆಯ ಮೇಲ್ಛಾವಣಿ. ಅದರ ಹಿಂದೆ 'ನೆಲ' ಎಂಬ ಎರಡಕ್ಷರ ಸೇರಿದೊಡನೆ ಮೇಲಿದ್ದುದು ಕೆಳಗಿಳಿದು ಭೂಮಿಯೊಳಗಣ ಕೋಣೆಯಾಗುತ್ತದೆ. ಸಮಾಸದಲ್ಲಿ ಇಷ್ಟು ಸುಲಭವಾಗಿ ನಡೆದುಹೋಗುವ ಕೆಲಸ ಕಟ್ಟಡದಲ್ಲಿ ಅಷ್ಟು ಸುಲಭವಲ್ಲ. ನೆಲದ ಕೆಳಗೆ ಮನುಷ್ಯರು ಮಲಗಿ ಏಳಬೇಕಾದರೆ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ದೊರೆಯಬೇಕು. ನೀರು ಒಳಗೆ ಬರುವುದೇ? ಅಲ್ಲಿಯ ಗಾಳಿ ಒಳ್ಳೆಯದೇ? ಆಪತ್ತು ಬಂದಾಗ ಹೊರಗೆ ಹೋಗುವ ದಾರಿ ಯಾವುದು?

ಈ ಪ್ರಶ್ನೆಗಳು ನನಗೆ ಹೊಳೆದದ್ದು ಸ್ವಂತ ಜಾಣತನದಿಂದಲ್ಲ. 2024ರ ಬೇಸಿಗೆಯ ರಜೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಮಿನೆಸೋಟ ರಾಜ್ಯಕ್ಕೆ ಹೋಗಿದ್ದೆವು. ಆ ಸೀಮೆಯ ಮನೆಗಳಿಗೆಲ್ಲ ಸಾಮಾನ್ಯವಾಗಿ ನೆಲಮಾಳಿಗೆ ಉಂಟು. ಅದಕ್ಕೆ ಕಾರಣವೂ ಉಂಟು. ಚಳಿಗಾಲದಲ್ಲಿ ಅಲ್ಲಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಅಸ್ತಿಭಾರ ಮೇಲುಮೇಲೆ ಇದ್ದರೆ ಅದನ್ನೇ ಎತ್ತಿಬಿಡುತ್ತದೆ. ಆದಕಾರಣ ರಾಜ್ಯದ ದಕ್ಷಿಣ ಭಾಗದಲ್ಲಿ ಅಸ್ತಿಭಾರವು ಕನಿಷ್ಠ 42 ಅಂಗುಲ, ಉತ್ತರ ಭಾಗದಲ್ಲಿ 60 ಅಂಗುಲ ಆಳಕ್ಕೆ ಹೋಗಬೇಕೆಂಬ ನಿಯಮವಿದೆ. ಹೇಗೂ ಇಷ್ಟು ಅಗೆದ ಮೇಲೆ ಇನ್ನಷ್ಟು ಅಗೆದರೆ ಒಂದು ಅಂತಸ್ತೇ ದೊರೆಯುತ್ತದೆಂಬುದು ಅಲ್ಲಿನವರ ಲೆಕ್ಕ.

ಮಗಳೂ ಅಳಿಯಂದಿರೂ ಹಳೆಯ ಮನೆಯೊಂದನ್ನು ಕೊಂಡಿದ್ದರು. ಅದರ ನೆಲಮಾಳಿಗೆ ಬರಿಯ ಕಾಂಕ್ರೀಟು ಗೋಡೆಗಳ ಉಗ್ರಾಣವಾಗಿತ್ತು. "ಅಪ್ಪಾ, ಇಲ್ಲಿ ನಿಮಗೂ ಅಮ್ಮನಿಗೂ ಒಂದು ಮಲಗುವ ಕೋಣೆ, ಆ ಕಡೆ ಮಗುವಿಗೆ ಆಟದ ಕೋಣೆ" ಎಂದು ಮಗಳು ಸಂಭ್ರಮದಿಂದ ತೋರಿಸಿದಳು. ನೆಲಕ್ಕೆ ಹಾಸುವ ಕಾರ್ಪೆಟ್ಟು ಆಗಲೇ ಬಂದು ಸುರುಳಿಯಾಗಿ ನಿಂತಿತ್ತು; ಗೋಡೆಯ ಬಣ್ಣವೂ ನಿಶ್ಚಯವಾಗಿತ್ತು. ಆದರೆ ಗೋಡೆಯ ಬುಡದಲ್ಲಿ ಸವಳು ಹೂ ಬಿಟ್ಟಂತೆ ಬಿಳಿಯ ಪುಡಿ ಕಾಣುತ್ತಿತ್ತು. ನಮ್ಮ ಹಳ್ಳಿಯ ಮನೆಯ ಗೋಡೆಯಲ್ಲಿ ಅದನ್ನು ಬಾಲ್ಯದಿಂದ ಕಂಡವನಾದ್ದರಿಂದ, "ಇದು ನೀರಿನ ಗುರುತಲ್ಲವೇನಮ್ಮ?" ಎಂದೆ. ಅಲ್ಲಿಂದ ವಿಚಾರ ಆರಂಭವಾಯಿತು.

ಮೊದಲನೆಯದು ನೀರು. ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೂ ಗೋಡೆಗೂ ಅಂಚಿನ ಸುತ್ತ ಬಿಗಿಯಾಗಿ ಅಂಟಿಸಿ ಒಂದೆರಡು ದಿನ ಬಿಡಬೇಕು. ಹಾಳೆಯ ಒಳಮೈ ಒದ್ದೆಯಾದರೆ ತೇವ ಮಣ್ಣಿನಿಂದ ಬರುತ್ತಿದೆ ಎಂದರ್ಥ. ಹೊರಮೈ ಒದ್ದೆಯಾದರೆ, ಕೋಣೆಯ ಗಾಳಿಯಲ್ಲಿರುವ ತೇವವೇ ತಣ್ಣನೆಯ ಮೈಗೆ ತಾಗಿ ಹನಿಗಟ್ಟುತ್ತಿದೆ ಎಂದರ್ಥ. ರೋಗ ಬೇರೆ, ಆದ್ದರಿಂದ ಮದ್ದೂ ಬೇರೆ.

ಮಣ್ಣಿನ ನೀರಿಗೆ ಮದ್ದು ಹೆಚ್ಚಾಗಿ ಮನೆಯ ಹೊರಗಿರುತ್ತದೆ. ಸೂರಿನ ದೋಣಿಯಿಂದ ಇಳಿಯುವ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಕೊಳವೆಯನ್ನು ಉದ್ದ ಮಾಡಿ ದೂರಕ್ಕೆ ಸಾಗಿಸಬೇಕು. ಗೋಡೆಯಿಂದ ಆಚೆಗೆ ಮೊದಲ 10 ಅಡಿಯಲ್ಲಿ ನೆಲ 6 ಅಂಗುಲವಾದರೂ ಇಳಿಜಾರಾಗಿರಬೇಕು. ಈ ಎರಡು ಅಗ್ಗದ ಕೆಲಸಗಳನ್ನು ಮಾಡಿದ ಮೇಲೂ ನೀರು ಬಂದರೆ ಅಸ್ತಿಭಾರದ ಸುತ್ತ ಬಸಿಗಾಲುವೆಯ ಕೊಳವೆ ಹೂಳಿ, ಆ ನೀರನ್ನು ನೆಲದಲ್ಲಿ ತೋಡಿದ ಒಂದು ಗುಂಡಿಗೆ ತಂದು, ಪಂಪಿನಿಂದ ಹೊರಹಾಕುತ್ತಾರೆ. ಆ ಗುಂಡಿಗೆ ಸಂಪು ಎಂದೇ ಹೆಸರು. ನಮ್ಮ ಮನೆಗಳ ಸಂಪು ನೀರನ್ನು ಕೂಡಿಡಲು, ಅವರದು ನೀರನ್ನು ಅಟ್ಟಲು! ಬಿರುಗಾಳಿ ಮಳೆಯ ದಿನವೇ ವಿದ್ಯುತ್ತು ಹೋಗುವುದಾದ್ದರಿಂದ ಆ ಪಂಪಿಗೆ ಬ್ಯಾಟರಿಯ ಆಸರೆಯೂ ಇರತಕ್ಕದ್ದು.

ಗಾಳಿಯ ತೇವಕ್ಕೆ ಮದ್ದು ಒಳಗಿದೆ. ಕಾಂಕ್ರೀಟು ಗೋಡೆ ತಣ್ಣಗಿರುತ್ತದೆ. ಕೋಣೆಯ ಬೆಚ್ಚನೆಯ ಗಾಳಿ ಅದನ್ನು ಮುಟ್ಟದಂತೆ ಮಾಡಬೇಕು. ಗಟ್ಟಿ ನೊರೆಯ ಹಲಗೆಗಳನ್ನು ಗೋಡೆಗೆ ಸಂದಿಲ್ಲದಂತೆ ಅಂಟಿಸಿ, ಅದರ ಮುಂದೆ ಮರದ ಚೌಕಟ್ಟನ್ನು ನಿಲ್ಲಿಸುವುದು ಒಳ್ಳೆಯ ಕ್ರಮ. ಹತ್ತಿಯಂತಹ ಮೆತ್ತನೆಯ ಹೊದಿಕೆಯನ್ನು ನೇರವಾಗಿ ಗೋಡೆಗೆ ತುಂಬಿದರೆ ಅದು ತೇವ ಕುಡಿದು, ಕಣ್ಣಿಗೆ ಕಾಣದ ಕಡೆ ಬೂಷ್ಟು ಹಿಡಿಯುತ್ತದೆ. ನೆಲ ಒಣಗಿದೆ ಎಂದು ಖಚಿತವಾಗುವವರೆಗೆ ಕಾರ್ಪೆಟ್ಟು ಹಾಸುವುದೂ ಬೇಡ.

ಎರಡನೆಯದು ಗಾಳಿ. ನಮ್ಮ ಉತ್ತರ ಕರ್ನಾಟಕದ ರೈತರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದುದನ್ನು ಹಿರಿಯರು ಬಲ್ಲರು. ಹಗೇವಿನ ಬಾಯಿ ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಹೋಗಲು ಬಿಟ್ಟು, ದೀಪವನ್ನು ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುವುದು ಜಾಣರ ಪದ್ಧತಿ. ನೆಲಮಾಳಿಗೆಯ ಗಾಳಿಗೂ ಪರೀಕ್ಷೆ ಬೇಕು. ಆದರೆ ಅಲ್ಲಿ ದೀಪದಿಂದ ಕಾಣದ ಶತ್ರು ಒಂದಿದೆ. ಅದರ ಹೆಸರು ರೇಡಾನ್. ಮಣ್ಣು ಕಲ್ಲುಗಳಲ್ಲಿರುವ ಯುರೇನಿಯಂ ಕ್ಷಯಿಸುತ್ತ ಹೋದಾಗ ಹುಟ್ಟುವ ಅನಿಲ ಇದು, ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕುಗಳಿಂದ ಒಳನುಸುಳಿ ಮುಚ್ಚಿದ ಕೋಣೆಯಲ್ಲಿ ನಿಲ್ಲುತ್ತದೆ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ತರುವಾಯ ಇದೇ ಪ್ರಮುಖ ಕಾರಣವೆಂದು ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಲೀಟರು ಗಾಳಿಗೆ 4 ಪೈಕೊಕ್ಯೂರಿ ಅಥವಾ ಹೆಚ್ಚು ಇದ್ದರೆ ಸರಿಪಡಿಸಿಕೊಳ್ಳಿ ಎಂಬುದು ಅದರ ಸಲಹೆ. ಮಿನೆಸೋಟದಲ್ಲಿ ಐದು ಮನೆಗಳಲ್ಲಿ ಎರಡರಲ್ಲಿ ಇದು ಹೆಚ್ಚಾಗಿದೆಯೆಂದು ಅಲ್ಲಿಯ ಆರೋಗ್ಯ ಇಲಾಖೆ ತಿಳಿಸುತ್ತದೆ.

ಪರೀಕ್ಷೆಯ ಡಬ್ಬಿಯನ್ನು ಕಿಟಕಿ ಬಾಗಿಲು ಮುಚ್ಚಿದ ಮನೆಯಲ್ಲಿ ಕೆಲವು ದಿನ ಇಟ್ಟು ಪ್ರಯೋಗಾಲಯಕ್ಕೆ ಕಳುಹಿಸಿದರೆ ಅಳತೆ ಬರುತ್ತದೆ. ಮಗಳ ಮನೆಯಲ್ಲಿ ಆ ಅಳತೆ ಮಿತಿಯನ್ನು ಮೀರಿತ್ತು. ಪರಿಹಾರ ಕಠಿಣವಲ್ಲ: ನೆಲದ ಕಾಂಕ್ರೀಟಿನ ಕೆಳಗಿನಿಂದ ಒಂದು ಕೊಳವೆ ಎತ್ತಿ, ಸದಾ ತಿರುಗುವ ಫ್ಯಾನು ಕೂಡಿಸಿ, ಅನಿಲವನ್ನು ಮಾಡಿನ ಮೇಲೆ ಬಿಡುವುದು. ಬಣ್ಣ ಬಳಿದು ನೆಲ ಹಾಸಿದ ಮೇಲೆ ಮಾಡಹೊರಟರೆ ಮಾಡಿದ್ದನ್ನೆಲ್ಲ ಕೀಳಬೇಕು. ಮೊದಲೇ ಮಾಡಿದರೆ ಒಂದು ಕೊಳವೆಯ ಕೆಲಸ. ಮನೆ ಕಾಯಿಸುವ ಕುಲುಮೆ, ಬಿಸಿನೀರಿನ ಹಂಡೆಗಳು ಅನಿಲದಿಂದ ಉರಿಯುವಂಥವಾದರೆ, ಅವುಗಳಿಗೆ ಸಾಕಷ್ಟು ಗಾಳಿ ಸಿಗುವಂತೆ ಜಾಗ ಬಿಡಬೇಕು. ಕಾರ್ಬನ್ ಮೊನಾಕ್ಸೈಡನ್ನು ಸಾರುವ ಎಚ್ಚರಿಕೆಯ ಗಂಟೆಯನ್ನೂ ಇಡಬೇಕು.

ಮೂರನೆಯದು ದಾರಿ. ಮೆಟ್ಟಿಲೊಂದೇ ದಾರಿಯಾಗಿದ್ದು ಅಲ್ಲಿಯೇ ಬೆಂಕಿ ಬಿದ್ದರೆ ಮಲಗಿದವರ ಗತಿಯೇನು? ಇದಕ್ಕಾಗಿ ಅಮೆರಿಕದ ಬಹುತೇಕ ಊರುಗಳು ಅನುಸರಿಸುವ ಮಾದರಿ ನಿಯಮಾವಳಿಯು ನೆಲಮಾಳಿಗೆಯ ಪ್ರತಿ ಮಲಗುವ ಕೋಣೆಗೂ ಹೊರಕ್ಕೆ ತೆರೆಯುವ ಕಿಟಕಿಯನ್ನು ವಿಧಿಸಿದೆ. ತೆರೆದಾಗ ಅದರ ಅಗಲ 20 ಅಂಗುಲಕ್ಕೂ ಎತ್ತರ 24 ಅಂಗುಲಕ್ಕೂ ಕಡಿಮೆಯಾಗಕೂಡದು; ತೆರವು 5.7 ಚದರಡಿ ಇರಬೇಕು. ಇಲ್ಲೊಂದು ಲೆಕ್ಕದ ಸೂಕ್ಷ್ಮವಿದೆ. 20ನ್ನು 24ರಿಂದ ಗುಣಿಸಿದರೆ ಬರುವುದು ಸುಮಾರು 3.3 ಚದರಡಿ ಮಾತ್ರ. ಎರಡು ಕನಿಷ್ಠಗಳನ್ನು ಕೂಡಿಸಿದವನು ನಿಯಮವನ್ನು ಪಾಲಿಸಿದಂತಾಗಲಿಲ್ಲ! ಕಿಟಕಿಯ ಕೆಳ ಅಂಚು ನೆಲದಿಂದ 44 ಅಂಗುಲಕ್ಕಿಂತ ಮೇಲಿರಬಾರದು. ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು. ಗೋಡೆ ಮನೆಯ ಭಾರ ಹೊತ್ತಿರುವುದರಿಂದ, ಅದನ್ನು ಕೊರೆಯುವ ಮುನ್ನ ತಿಳಿದ ಎಂಜಿನಿಯರರನ್ನು ಕೇಳಬೇಕು. ಕೋಣೆಯ ಎತ್ತರ ಸಾಮಾನ್ಯವಾಗಿ 7 ಅಡಿ ಬೇಕು. ನೆಲದ ಹಾಸನ್ನೂ ಒಳಛಾವಣಿಯನ್ನೂ ಲೆಕ್ಕಕ್ಕೆ ಹಿಡಿದೇ ಅಳೆಯತಕ್ಕದ್ದು. ಊರಿನ ಕಚೇರಿಯ ಅನುಮತಿ ಪಡೆದರೆ, ಗೋಡೆ ಮುಚ್ಚುವ ಮುನ್ನ ಪರೀಕ್ಷಕರು ಬಂದು ನೋಡುತ್ತಾರೆ. ಅದನ್ನು ತೊಂದರೆಯೆನ್ನದೆ ಲಾಭವೆಂದೇ ತಿಳಿಯಬೇಕು.

ಕೊನೆಗೆ ಮಗಳು ಕಾರ್ಪೆಟ್ಟನ್ನು ಹಿಂದಿರುಗಿಸಿದಳು. ಆ ಹಣ ಕಿಟಕಿಗೂ ಕೊಳವೆಗೂ ಹೋಯಿತು. ನಾವು ಆ ರಜೆಯನ್ನೆಲ್ಲ ಮೇಲಿನ ನಡುಮನೆಯಲ್ಲೇ ಮಲಗಿ ಕಳೆದೆವು. ಅವಳಿಗೆ ಸ್ವಲ್ಪ ಬೇಸರವಾದುದು ನಿಜ.

ಊರಿಗೆ ಮರಳಿದ ಬಳಿಕ, 2024ರ ಜುಲೈ 27ರಂದು, ದೆಹಲಿಯ ಹಳೇ ರಾಜಿಂದರ್ ನಗರದ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ, ಅಲ್ಲಿ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಉಗ್ರಾಣಕ್ಕೆಂದು ಅನುಮತಿ ಪಡೆದಿದ್ದ ಜಾಗ ವಾಚನಾಲಯವಾಗಿತ್ತು. ಅದಕ್ಕೂ ಮೊದಲು, 2021ರ ಸೆಪ್ಟೆಂಬರ್ 1ರ ರಾತ್ರಿ ನ್ಯೂಯಾರ್ಕ್ ನಗರದ ನೆಲಮಾಳಿಗೆ ಮನೆಗಳಲ್ಲಿ 11 ಮಂದಿ ಹೀಗೆಯೇ ಮುಳುಗಿದ್ದರು. ಈ ಸುದ್ದಿಯನ್ನು ಓದಿದ ದಿನ ಮಗಳು ತಾನಾಗಿಯೇ ದೂರವಾಣಿ ಮಾಡಿ, "ಅಪ್ಪಾ, ಕಿಟಕಿ ಕೂಡಿಸಿಯಾಯಿತು" ಎಂದಳು.

ನಮ್ಮ ನಗರಗಳಲ್ಲಿ ನೆಲಮಾಳಿಗೆಗೆ ಅನುಮತಿ ಸಿಗುವುದು ಹೆಚ್ಚಾಗಿ ವಾಹನ ನಿಲ್ಲಿಸುವುದಕ್ಕೆ, ಸಾಮಾನು ಇಡುವುದಕ್ಕೆ. ಆದರೂ ಕಾವಲುಗಾರನ ಸಂಸಾರ ಅಲ್ಲಿಯ ಮೂಲೆಯಲ್ಲಿ ಒಲೆ ಹೂಡಿ ಮಲಗುವುದನ್ನು ನಾವು ಕಾಣದವರಲ್ಲ. ಕೆಳಗೆ ಮಲಗುವವರು ಮಕ್ಕಳಾಗಲಿ, ನೆಂಟರಾಗಲಿ, ಕಾವಲಿನವರಾಗಲಿ, ನೀರು, ಗಾಳಿ, ದಾರಿ ಈ ಮೂರನ್ನೂ ನೋಡಿದ ಮೇಲೆಯೇ ಅಲ್ಲಿ ಹಾಸಿಗೆ ಬಿಚ್ಚಬೇಕು. ಬಣ್ಣದ ಮಾತು ಅನಂತರದ್ದು.