ಹೊಡೆದಾಟಕ್ಕೆ ಹಿನ್ನೆಲೆ ಸಂಗೀತ ಬೇಕೇ?

ಕಾಲೇಜು ದಿನಾಚರಣೆಗೆ ಕಿರುಚಿತ್ರ ಮಾಡುತ್ತೇವೆಂದು ಈ ವರ್ಷ ದ್ವಿತೀಯ ಪಿಯುಸಿಯ ಕೆಲವರು ಕತೆ ಬರೆದುಕೊಂಡು ಬಂದಿದ್ದರು. ಬಂದ ಆರು ಕತೆಗಳಲ್ಲಿ ನಾಲ್ಕರಲ್ಲಿ ಹೊಡೆದಾಟವಿತ್ತು. ಎಲ್ಲದರ ಕೊನೆಗೂ 'ಹಿಂಸೆ ಬೇಡ' ಎಂಬ ಸಂದೇಶವೂ ಇತ್ತು. ಆದರೆ ಹೊಡೆದಾಟವನ್ನು ಹೇಗೆ ತೆಗೆಯುತ್ತೀರಿ ಎಂದು ಕೇಳಿದಾಗ ನಾಲ್ಕೂ ತಂಡಗಳು ಹೇಳಿದ್ದು ಒಂದೇ: "ಸ್ಲೋ ಮೋಷನ್ ಸರ್, ಜೊತೆಗೆ ಮಾಸ್ ಬಿಜಿಎಂ." ಕತೆ ಬಾಯಲ್ಲಿ ಬೇಡ ಎನ್ನುತ್ತದೆ, ಕ್ಯಾಮೆರಾ ಬೇಕು ಎನ್ನುತ್ತದೆ. ಅವರಿಗೆ ಅಂದು ನಿಂತಲ್ಲೇ ಕೊಟ್ಟ ಉತ್ತರ ಸಾಲಲಿಲ್ಲ ಅನಿಸಿದ್ದರಿಂದ ಈ ಲೇಖನ.

ಕಳೆದ ವರ್ಷ ನಮ್ಮ ಬಸ್ ನಿಲ್ದಾಣದ ಹಿಂದೆ ಹುಡುಗರು ಹೊಡೆದಾಡಿದ ಒಂದು ವಿಡಿಯೋ ಎಲ್ಲರ ಫೋನಿಗೂ ಬಂದದ್ದು ನಿಮಗೆ ನೆನಪಿರಬಹುದು. ನನಗೆ ಬಂದ ಪ್ರತಿಗೆ ಯಾರೋ ಒಂದು ಸಿನಿಮಾದ ಸಂಗೀತ ಅಂಟಿಸಿದ್ದರು. ಕಪಾಳಕ್ಕೆ ಬಿದ್ದ ಏಟನ್ನು ಮೂರು ಸಲ ನಿಧಾನಗತಿಯಲ್ಲಿ ತೋರಿಸಿದ್ದರು. ನೋಡಿದ ಮೊದಲ ಕ್ಷಣ ನನಗೂ ಅದು ಸಿನಿಮಾದಂತೆಯೇ ಕಂಡಿತು ಎಂದು ಒಪ್ಪಿಕೊಳ್ಳಬೇಕು. ಆ ವಿಡಿಯೋದ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೊದಲು ನಮಗೆ ಅಭ್ಯಾಸವಾಗಿರುವ ಸಿನಿಮಾ ಹೊಡೆದಾಟ ಹೇಗೆ ತಯಾರಾಗುತ್ತದೆ ನೋಡೋಣ. ನಟನ ಮುಷ್ಟಿ ಎದುರಿನವನ ಮುಖಕ್ಕೆ ತಾಗುವುದೇ ಇಲ್ಲ. ತಾಗಿದಂತೆ ಕಾಣುವ ಕೋನದಲ್ಲಿ ಕ್ಯಾಮೆರಾ ಇಟ್ಟಿರುತ್ತಾರೆ. ಆ ಕ್ಷಣಕ್ಕೆ ಸರಿಯಾಗಿ ಇನ್ನೊಂದು ಶಾಟ್‌ಗೆ ಕಟ್ ಮಾಡುತ್ತಾರೆ. ಉಳಿದ ಕೆಲಸ ಶಬ್ದದ್ದು. ನಿಜವಾದ ಏಟಿನ ಸದ್ದು ಮಂದವಾದದ್ದು, ಹತ್ತು ಹೆಜ್ಜೆ ದೂರದಲ್ಲಿದ್ದರೆ ಕೇಳುವುದೂ ಕಷ್ಟ. ತೆರೆಯ ಮೇಲೆ ಕೇಳುವ ಆ 'ಡಿಶುಂ' ಸ್ಟುಡಿಯೋದಲ್ಲಿ ಬೇರೆಯಾಗಿ ಮಾಡಿದ್ದು. ಈ ಕೆಲಸಕ್ಕೆ ಫೋಲಿ ಎಂದು ಹೆಸರು. ಮಾಂಸದ ತುಂಡಿಗೆ ಗುದ್ದಿ ಏಟಿನ ಸದ್ದು, ಸೆಲರಿ ಎಂಬ ಸೊಪ್ಪಿನ ದಂಟು ಮುರಿದು ಮೂಳೆ ಮುರಿಯುವ ಸದ್ದು ಹುಟ್ಟಿಸುತ್ತಾರೆ. ಅದರ ಮೇಲೆ ಸಂಗೀತ ಬರುತ್ತದೆ. ಯಾರು ಗೆಲ್ಲಬೇಕು, ನಾವು ಯಾವಾಗ ಶಿಳ್ಳೆ ಹಾಕಬೇಕು ಎಂಬುದನ್ನು ಸಂಗೀತ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಇಷ್ಟೆಲ್ಲ ಸೇರಿದಾಗ ಬಿದ್ದವನಿಗೆ ನೋವಾಯಿತು ಎಂಬ ಸಂಗತಿಯೊಂದನ್ನು ಬಿಟ್ಟು ಉಳಿದೆಲ್ಲವೂ ನಮಗೆ ತಲುಪುತ್ತದೆ.

ಇದೆಲ್ಲವನ್ನೂ ಕಿತ್ತು ಹಾಕಿದರೆ ಏನು ಉಳಿಯುತ್ತದೆ? ಬ್ರಿಟಿಷ್ ನಿರ್ದೇಶಕ ಅಲನ್ ಕ್ಲಾರ್ಕ್ 1989ರಲ್ಲಿ ಬಿಬಿಸಿಗಾಗಿ ಮಾಡಿದ 'ಎಲಿಫೆಂಟ್' ಎಂಬ ಕಿರುಚಿತ್ರದಲ್ಲಿ ಇದಕ್ಕೆ ಉತ್ತರವಿದೆ. ಅದರ ನಿರ್ಮಾಪಕ ಡ್ಯಾನಿ ಬಾಯ್ಲ್. ಮುಂದೆ 'ಸ್ಲಂಡಾಗ್ ಮಿಲಿಯನೇರ್' ನಿರ್ದೇಶಿಸಿದವರು ಅವರೇ. ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕೊನೆಯಿಂದ 1998ರ ಶಾಂತಿ ಒಪ್ಪಂದದವರೆಗೆ ನಡೆದ ಸಂಘರ್ಷದಲ್ಲಿ ಸುಮಾರು 3,500 ಮಂದಿ ಸತ್ತರು. ಈ ಚಿತ್ರ ಬಂದಾಗ ಅಲ್ಲಿ ಕೊಲೆಯ ಸುದ್ದಿ ದಿನನಿತ್ಯದ್ದಾಗಿತ್ತು, ಜನ ಪತ್ರಿಕೆ ಮಗುಚಿ ಮುಂದಿನ ಪುಟಕ್ಕೆ ಹೋಗುತ್ತಿದ್ದರು.

39 ನಿಮಿಷದ ಆ ಚಿತ್ರದಲ್ಲಿ 18 ಕೊಲೆಗಳಿವೆ. ಕತೆ ಇಲ್ಲ, ಪಾತ್ರಗಳಿಗೆ ಹೆಸರಿಲ್ಲ, ಸಂಗೀತವಿಲ್ಲ, ಮಾತು ಇಲ್ಲವೆನ್ನುವಷ್ಟು ಕಡಿಮೆ. ಒಬ್ಬ ನಡೆಯುತ್ತಾನೆ. ಕ್ಯಾಮೆರಾ ಅವನ ಬೆನ್ನ ಹಿಂದೆ ನಡೆಯುತ್ತದೆ. ಈಜುಕೊಳದ ಕಟ್ಟಡ, ಪೆಟ್ರೋಲ್ ಬಂಕ್, ಯಾರದೋ ಮನೆ, ಹೀಗೆ ಜಾಗ ಬದಲಾಗುತ್ತದೆ. ಗುಂಡಿನ ಸದ್ದು. ಕೊಂದವನು ಬಂದಷ್ಟೇ ಸಹಜವಾಗಿ ನಡೆದು ಹೋಗುತ್ತಾನೆ. ಆಮೇಲೆ ಕ್ಯಾಮೆರಾ ಬಿದ್ದ ದೇಹದ ಮೇಲೆ ನಿಂತುಬಿಡುತ್ತದೆ. ಅಲುಗುವುದಿಲ್ಲ. ಸಾಕು, ಕಟ್ ಮಾಡಿ ಎಂದು ನಮಗೆ ಅನಿಸಿದ ಮೇಲೂ ನಿಂತೇ ಇರುತ್ತದೆ. ಮತ್ತೆ ಇನ್ನೊಂದು ಜಾಗ, ಇನ್ನೊಬ್ಬ ನಡೆಯುವವನು.

ಇದು ಸಾಧ್ಯವಾದದ್ದು ಸ್ಟೆಡಿಕ್ಯಾಮ್‌ನಿಂದ. ಗ್ಯಾರೆಟ್ ಬ್ರೌನ್ ಎಂಬ ಅಮೆರಿಕನ್ ಛಾಯಾಗ್ರಾಹಕ 1970ರ ದಶಕದಲ್ಲಿ ಕಂಡುಹಿಡಿದ ಸಾಧನ ಅದು. ಕ್ಯಾಮೆರಾವನ್ನು ಒಂದು ಸ್ಪ್ರಿಂಗ್ ತೋಳಿಗೆ ಜೋಡಿಸಿ, ಆ ತೋಳನ್ನು ಛಾಯಾಗ್ರಾಹಕ ತೊಟ್ಟ ಕವಚಕ್ಕೆ ಸಿಕ್ಕಿಸುತ್ತಾರೆ. ನಡೆಯುವಾಗ ಮೈಯ ಕುಲುಕು ಚಿತ್ರಕ್ಕೆ ಹೋಗುವುದಿಲ್ಲ. ಈಗ ನೀವು ಫೋನಿಗೆ ಹಾಕುವ ಗಿಂಬಲ್ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ, ವಿಧಾನ ಮಾತ್ರ ಬೇರೆ.

ಬೆನ್ನ ಹಿಂದಿನ ಕ್ಯಾಮೆರಾ ಎಂದಾಗ ಆಟವಾಡುವವರಿಗೆ ತಕ್ಷಣ ಪಬ್‌ಜಿ, ಫ್ರೀ ಫೈರ್ ನೆನಪಾಗಬೇಕು. ಅಲ್ಲೂ ನೀವು ಒಬ್ಬನ ಬೆನ್ನ ಹಿಂದೆಯೇ ಇರುತ್ತೀರಿ. ಆದರೆ ಆಟದಲ್ಲಿ ಅವನು ನಿಮ್ಮ ಬೆರಳು ಹೇಳಿದಂತೆ ತಿರುಗುತ್ತಾನೆ. ಕ್ಲಾರ್ಕ್‌ನ ಚಿತ್ರದಲ್ಲಿ ಅವನು ಯಾರ ಮಾತೂ ಕೇಳುವುದಿಲ್ಲ. ಮುಖ ಕಾಣದ್ದರಿಂದ ಅವನಿಗೆ ಕೋಪವೋ ಭಯವೋ ತಿಳಿಯುವುದಿಲ್ಲ. ಕೊಲ್ಲಲು ಹೊರಟವನ ಹಿಂದೆ ನಾವೂ ಅವನ ವೇಗದಲ್ಲೇ ಹೋಗುತ್ತಿರುತ್ತೇವೆ, ತಡೆಯಲಾಗುವುದಿಲ್ಲ. ಮೂರು ನಾಲ್ಕು ಕೊಲೆಗಳಾದ ಮೇಲೆ ಇನ್ನೂ ಕಷ್ಟ ಶುರುವಾಗುತ್ತದೆ. ಈಗ ನಡೆಯುತ್ತಿರುವವನು ಕೊಲ್ಲುವವನೋ ಸಾಯುವವನೋ ಗೊತ್ತಾಗುವುದಿಲ್ಲ, ಎರಡೂ ಆಗಬಹುದು.

ಶಬ್ದದ ವಿಷಯಕ್ಕೆ ಬಂದರೆ, ಆ ಚಿತ್ರದಲ್ಲಿ ಮುಖ್ಯವಾಗಿ ಕೇಳುವುದು ಹೆಜ್ಜೆ ಸಪ್ಪಳ. ಟೈಲ್ಸ್ ಮೇಲಿನ ಶೂ, ಬಾಗಿಲು ತೆರೆದ ಸದ್ದು, ದೂರದ ವಾಹನ. ಸಂಗೀತವಿದ್ದಿದ್ದರೆ ಅದು 'ಈಗ ಹೆದರು', 'ಈಗ ಅಳು' ಎಂದು ನಮ್ಮ ಕೆಲಸವನ್ನು ತಾನೇ ಮಾಡಿಬಿಡುತ್ತಿತ್ತು. ಅದಿಲ್ಲದಿದ್ದಾಗ ಏನು ಅನಿಸಬೇಕು ಎಂಬುದು ನಮ್ಮ ಹೆಗಲಿಗೇ ಬೀಳುತ್ತದೆ. ಯಾವ ಪಕ್ಷದವನು ಯಾರನ್ನು ಕೊಂದ ಎಂದೂ ಚಿತ್ರ ಹೇಳುವುದಿಲ್ಲ. 'ನಮ್ಮವರು', 'ಅವರು' ಎಂದು ಲೆಕ್ಕ ಹಾಕಲು ಸಿದ್ಧವಾಗಿ ಕೂತವನಿಗೆ ಲೆಕ್ಕವೇ ಸಿಗದಂತೆ ಮಾಡಿದ್ದಾರೆ. ನನ್ನ ಮಟ್ಟಿಗೆ ಇದೇ ಆ ಚಿತ್ರದ ದೊಡ್ಡ ಧೈರ್ಯ.

ಈ ಹೆಸರಿನದ್ದೇ ಒಂದು ಕತೆ. ಐರಿಷ್ ಲೇಖಕ ಬರ್ನಾರ್ಡ್ ಮೆಕ್‌ಲವರ್ಟಿ ಆ ಸಂಘರ್ಷವನ್ನು ಮನೆಯ ಹಜಾರದಲ್ಲಿ ನಿಂತ ಆನೆಗೆ ಹೋಲಿಸಿದ್ದರು. ಎಲ್ಲರಿಗೂ ಕಾಣುತ್ತದೆ, ಯಾರೂ ಮಾತೆತ್ತುವುದಿಲ್ಲ. ಕ್ಲಾರ್ಕ್ ಹೆಸರು ತೆಗೆದುಕೊಂಡದ್ದು ಅಲ್ಲಿಂದ. ಮುಂದೆ ಅಮೆರಿಕದ ಗಸ್ ವ್ಯಾನ್ ಸ್ಯಾಂಟ್ ತನ್ನ ಚಿತ್ರಕ್ಕೂ 'ಎಲಿಫೆಂಟ್' ಎಂದೇ ಹೆಸರಿಟ್ಟಾಗ, ಅವರು ಅದನ್ನು ಕುರುಡರು ಆನೆ ಮುಟ್ಟಿ ನೋಡಿದ ಕತೆ ಎಂದು ತಿಳಿದಿದ್ದರಂತೆ. ನಮ್ಮಲ್ಲಿ ಅಂಧಗಜ ನ್ಯಾಯ ಎನ್ನುತ್ತೇವಲ್ಲ, ಅದೇ. ಬೌದ್ಧ, ಜೈನ ಗ್ರಂಥಗಳಲ್ಲಿರುವ ಈ ಕತೆ ಪಾರಸಿ ಕಾವ್ಯಕ್ಕೂ ಹೋಗಿದೆ. ಮೌಲಾನಾ ರೂಮಿಯ ಮಸ್ನವಿಯಲ್ಲಿ ಕುರುಡರಿಲ್ಲ, ಕತ್ತಲ ಮನೆಯಲ್ಲಿ ಆನೆ ಇದೆ. ಕೈಯಲ್ಲೊಂದು ದೀಪ ಇದ್ದಿದ್ದರೆ ಜಗಳವೇ ಇರುತ್ತಿರಲಿಲ್ಲ ಎಂಬುದು ಅಲ್ಲಿನ ಮಾತು.

ವ್ಯಾನ್ ಸ್ಯಾಂಟ್ ಚಿತ್ರ ಕಿರುಚಿತ್ರವಲ್ಲ, 81 ನಿಮಿಷದ್ದು. ಆದರೂ ಇಲ್ಲಿ ತರಲೇಬೇಕು. ಯಾಕೆಂದರೆ ಕ್ಲಾರ್ಕ್‌ನ ನಡೆಯುವ ಕ್ಯಾಮೆರಾವನ್ನು ಅದು ನಿಮ್ಮದೇ ವಯಸ್ಸಿನವರ ಹಿಂದೆ ತಂದು ನಿಲ್ಲಿಸುತ್ತದೆ. 1999ರ ಏಪ್ರಿಲ್ 20ರಂದು ಅಮೆರಿಕದ ಕೊಲೊರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದಿದ್ದರು. ಅದರಿಂದ ಪ್ರೇರಿತವಾಗಿ 2003ರಲ್ಲಿ ಬಂದ ಈ ಚಿತ್ರಕ್ಕೆ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ಡಿ'ಓರ್ ಸಿಕ್ಕಿತು.

ಚಿತ್ರದ ಬಹುಭಾಗ ಹುಡುಗ ಹುಡುಗಿಯರು ಶಾಲೆಯ ಕಾರಿಡಾರ್‌ಗಳಲ್ಲಿ ನಡೆಯುವುದೇ. ಒಬ್ಬ ಆಟದ ಮೈದಾನದಿಂದ ಎದ್ದು ಕಟ್ಟಡದೊಳಗೆ ಹೋಗುತ್ತಾನೆ, ಕ್ಯಾಮೆರಾ ಕಟ್ ಇಲ್ಲದೆ ಅವನ ಕೆಂಪು ಶರ್ಟಿನ ಬೆನ್ನನ್ನು ಹಿಂಬಾಲಿಸುತ್ತದೆ. ಛಾಯಾಗ್ರಾಹಕ ಹ್ಯಾರಿಸ್ ಸಾವಿಡಿಸ್ ಫೋಕಸ್‌ನ ಆಳವನ್ನು ಕಡಿಮೆ ಇಟ್ಟಿದ್ದರಿಂದ ನಡೆಯುವವನು ಸ್ಪಷ್ಟ, ಸುತ್ತಲಿನವರು ಮಸುಕು. ಕಾರಿಡಾರಿನಲ್ಲಿ ಮೂವರು ಎದುರಾಗುವ ಒಂದೇ ಕ್ಷಣವನ್ನು ಮೂವರ ಕಡೆಯಿಂದಲೂ ಬೇರೆ ಬೇರೆಯಾಗಿ ತೋರಿಸುತ್ತಾರೆ. ಒಬ್ಬನಿಗೆ ಅದು ಫೋಟೋ ತೆಗೆಯುವ ಹೊತ್ತು, ಇನ್ನೊಬ್ಬನಿಗೆ ಫೋಟೋಗೆ ನಿಲ್ಲುವ ಹೊತ್ತು, ಪಕ್ಕದಲ್ಲಿ ಓಡಿಹೋಗುವ ಹುಡುಗಿಗೆ ಇಬ್ಬರೂ ಲೆಕ್ಕಕ್ಕಿಲ್ಲ. ಒಂದೇ ಕಾರಿಡಾರಿನಲ್ಲಿದ್ದೂ ಒಬ್ಬರ ಲೋಕ ಇನ್ನೊಬ್ಬರಿಗೆ ತಿಳಿಯದು ಎಂಬುದನ್ನು ಒಂದು ಸಂಭಾಷಣೆಯೂ ಇಲ್ಲದೆ ಕ್ಯಾಮೆರಾ ಹೇಳಿಬಿಡುತ್ತದೆ.

ಮುಂದೆ ಬಂದೂಕು ಹಿಡಿಯಲಿರುವ ಅಲೆಕ್ಸ್ ಕ್ಯಾಂಟೀನಿನಲ್ಲಿ ನಿಂತಿದ್ದಾಗ ಒಂದು ದೃಶ್ಯವಿದೆ. ಊಟದ ಹೊತ್ತಿನ ಮಾಮೂಲಿ ಗಲಾಟೆ ಮೆಲ್ಲಗೆ ಜಾಸ್ತಿಯಾಗುತ್ತ ಹೋಗುತ್ತದೆ. ಅವನು ತಲೆ ಹಿಡಿದುಕೊಳ್ಳುತ್ತಾನೆ. ಉಳಿದವರಿಗೆ ಆ ಸದ್ದು ಕೇಳಿಸುತ್ತಿಲ್ಲ, ಅವನಿಗೂ ನಮಗೂ ಮಾತ್ರ. ಹೀಗೆ ಶಬ್ದ ನಮ್ಮನ್ನು ಒಬ್ಬನ ತಲೆಯೊಳಗೆ ಕೂರಿಸಬಲ್ಲದು. ಅದೇ ಹುಡುಗ ತನ್ನ ಕೋಣೆಯಲ್ಲಿ ಪಿಯಾನೋದಲ್ಲಿ ಬೀಥೋವನ್ ನುಡಿಸುತ್ತಾನೆ. ಆಗ ಕ್ಯಾಮೆರಾ ಕೋಣೆಯನ್ನು ನಿಧಾನವಾಗಿ ಒಂದು ಸುತ್ತು ಹಾಕುತ್ತದೆ, ಕಾರಣ ಹುಡುಕುವವರಂತೆ. ಏನೂ ಸಿಗುವುದಿಲ್ಲ. ಕಾರಣ ಹೇಳದೆ ಬಿಟ್ಟದ್ದಕ್ಕೆ ಕೆಲವು ವಿಮರ್ಶಕರು ಆಗ ಸಿಟ್ಟಾಗಿದ್ದರು. ನನ್ನ ತಕರಾರು ಬೇರೆ. ಆ ಚಿತ್ರದ ಕೆಲವು ಶಾಟ್‌ಗಳು ತೀರಾ ಸುಂದರವಾಗಿವೆ, ಸೌಂದರ್ಯ ನೋಡುತ್ತ ಸಾವನ್ನು ಮರೆಯುವಷ್ಟು. ಕ್ಲಾರ್ಕ್‌ನ ಬರಡು ಕ್ಯಾಮೆರಾ ಆ ತಪ್ಪು ಮಾಡುವುದಿಲ್ಲ. (ಎರಡೂ ದೊಡ್ಡವರಿಗಾಗಿ ಮಾಡಿದ ಚಿತ್ರಗಳು. ಇಂದು ರಾತ್ರಿಯೇ ಹುಡುಕಿ ನೋಡಿ ಎಂದು ನಾನು ಹೇಳುತ್ತಿಲ್ಲ. ಪಾಲಕರು ಸಭೆಯಲ್ಲಿ ನನ್ನನ್ನು ಕೇಳದಿರಲಿ.)

ನಿಮ್ಮ ಚಿತ್ರಕ್ಕೆ ಇನ್ನೂ ಹತ್ತಿರವಾದದ್ದು ಬ್ರಿಟನ್ನಿನ ಸೈಮನ್ ಎಲ್ಲಿಸ್ ಮಾಡಿದ 'ಸಾಫ್ಟ್' ಎಂಬ ಕಿರುಚಿತ್ರ. ಬೀದಿಯ ಪುಂಡ ಹುಡುಗರ ಗುಂಪಿನ ಎದುರು ನಿಲ್ಲಲು ಹೆದರುವ ಒಬ್ಬ ಅಪ್ಪ, ಅದನ್ನು ನೋಡುವ ಮಗ. ನಡುನಡುವೆ ಆ ಗುಂಪಿನವರೇ ಮೊಬೈಲಿನಲ್ಲಿ ತೆಗೆದ ದೃಶ್ಯಗಳು ಬರುತ್ತವೆ. ಅಲುಗಾಡುವ, ಮಸುಕಾದ ಚಿತ್ರ. ಆ ದೃಶ್ಯಗಳಲ್ಲಿ ಕ್ಯಾಮೆರಾ ಯಾರ ಕೈಯಲ್ಲಿದೆ ಎಂಬುದೇ ಕತೆ. ಫೋನ್ ಹಿಡಿದವನು ಪಕ್ಕದಲ್ಲಿ ನಿಂತ ಸಾಕ್ಷಿಯಲ್ಲ, ಅವನೂ ಗುಂಪಿನ ಒಬ್ಬ.

ಹಾಗಾದರೆ ನಾಲ್ಕು ತಂಡಗಳಿಗೆ ನನ್ನ ಉತ್ತರ: ಒಮ್ಮೆ ಹೀಗೆ ತೆಗೆದು ನೋಡಿ. ಹೊಡೆಯುವುದನ್ನು ತೋರಿಸಬೇಡಿ, ಬಾಗಿಲ ಆಚೆಯಿಂದ ಸದ್ದು ಮಾತ್ರ ಕೇಳಲಿ. ಅಥವಾ ಹೊಡೆದವರು ಹೋದ ಮೇಲೆ ಕ್ಯಾಮೆರಾ ಚಾಲೂ ಮಾಡಿ. ಚಪ್ಪಲಿ ಹುಡುಕುತ್ತಿರುವ ಹುಡುಗನ ಹಿಂದೆ ಮನೆಯವರೆಗೆ ನಡೆಯಿರಿ, ಕಟ್ ಮಾಡಬೇಡಿ, ಹಾಡು ಹಾಕಬೇಡಿ. ಮನೆ ಬಾಗಿಲಲ್ಲಿ ಉಮ್ಮನಿಗೆ ಏನು ಹೇಳಬೇಕೆಂದು ಅವನು ಒಂದು ನಿಮಿಷ ನಿಂತರೆ ನೀವೂ ಒಂದು ನಿಮಿಷ ನಿಲ್ಲಿ. ಫೋನಿನ ಮೈಕ್ ಗಾಳಿಯ ಸದ್ದನ್ನು ಬೇಡದಷ್ಟು ಹಿಡಿಯುತ್ತದೆ. ಅದಕ್ಕೆ ಒಂದು ತೆಳು ಸ್ಪಂಜು ಕಟ್ಟಿ, ಹೆಜ್ಜೆ ಸದ್ದನ್ನು ಬೇಕಾದರೆ ಆಮೇಲೆ ಹತ್ತಿರದಿಂದ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ.

ಬಸ್ ನಿಲ್ದಾಣದ ಆ ವಿಡಿಯೋದ ಮೂಲ ಪ್ರತಿಯನ್ನು ಕೆಲವು ದಿನಗಳ ನಂತರ ಒಬ್ಬ ವಿದ್ಯಾರ್ಥಿ ನನಗೆ ತೋರಿಸಿದ. ಸಂಗೀತವಿಲ್ಲ, ಸ್ಲೋ ಮೋಷನ್ ಇಲ್ಲ, ಒಟ್ಟು 22 ಸೆಕೆಂಡ್. ಏಟು ಎಷ್ಟು ಬೇಗ ಆಗಿಹೋಗುತ್ತದೆಂದರೆ ಮೊದಲ ಸಲ ನನಗೆ ಕಾಣಲೇ ಇಲ್ಲ. ಚಪ್ಪಲಿ ಜಲ್ಲಿಗೆ ಉಜ್ಜಿದ ಸದ್ದು, ಸಿಟಿ ಬಸ್ ಕಂಡಕ್ಟರನ ವಿಸಿಲ್, ಫೋನ್ ಹಿಡಿದವನ ನಗು. ಅದರ ನಡುವೆ, ಚಿತ್ರದಲ್ಲಿ ಕಾಣದ ಯಾರೋ ಒಬ್ಬ ಎರಡು ಸಲ ಕೂಗುತ್ತಾನೆ: "ಸಾಕು ಮಾರಾಯ, ಬಿಡು ಅವನನ್ನು." ಎಲ್ಲರಿಗೂ ಬಂದ ಪ್ರತಿಯಲ್ಲಿ ಆ ದನಿ ಹಾಡಿನ ಅಡಿಯಲ್ಲಿ ಹೋಗಿಬಿಟ್ಟಿತ್ತು.