ಇಪ್ಪತ್ತೊಂದರ ಮೇಜೂ ಮನುಷ್ಯನ ಸ್ವಭಾವವೂ

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಪರೀಕ್ಷಿಸಿ ನೋಡಲು ಇಸ್ಪೀಟಿನ ಆಟಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಹಬ್ಬದ ರಾತ್ರಿ ಮನೆಮಂದಿಯೊಡನೆ ಆಡುವಾಗಲೇ ಒಬ್ಬರು ಅಂಜುತ್ತಾರೆ, ಒಬ್ಬರು ದುಡುಕುತ್ತಾರೆ, ಒಬ್ಬರು ಸೋತೊಡನೆ ಮುಖ ಗಂಟಿಕ್ಕುತ್ತಾರೆ. ಅಲ್ಲಿ ಹೋಗುವುದು ಹೆಚ್ಚೆಂದರೆ ಹತ್ತಿಪ್ಪತ್ತು ರೂಪಾಯಿ. ಆದರೆ ಮುಂಬಯಿಯ ನಮ್ಮವರಲ್ಲಿ ಕೆಲವರು ರಜೆಯಲ್ಲಿ ಗೋವೆಗೆ ಹೋಗಿ, ಪಣಜಿಯ ಬಳಿ ಮಾಂಡವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗುಗಳನ್ನು ಹತ್ತುವುದುಂಟು. ಬುದ್ಧಿಯೂ ಧೈರ್ಯವೂ ಇದ್ದವನು ಅಲ್ಲಿ ಗೆಲ್ಲಬಹುದಲ್ಲವೇ ಎಂದು ವಾಚನಾಲಯದಲ್ಲಿ ನಮ್ಮನ್ನು ಕೇಳಿದವರಿದ್ದಾರೆ. ಅವರಿಗೆ ಉತ್ತರವಾಗಿ ಈ ನಾಲ್ಕು ಮಾತು.

ಕ್ಯಾಸಿನೊಗಳ ಹೆಸರುವಾಸಿ ಆಟಗಳಲ್ಲೊಂದು ಬ್ಲ್ಯಾಕ್‌ಜಾಕ್, ಅಂದರೆ 'ಇಪ್ಪತ್ತೊಂದು'. ಕೈಯಲ್ಲಿನ ಎಲೆಗಳ ಬೆಲೆ 21ನ್ನು ಮೀರದೆ ಅದಕ್ಕೆ ಹತ್ತಿರವಾಗಬೇಕು. ರಾಜ, ರಾಣಿ, ಗುಲಾಮರಿಗೆ ತಲಾ 10. ಎಕ್ಕಕ್ಕೆ 1 ಅಥವಾ 11. ಆಟಗಾರನಿಗೆ ಮೊದಲು ಎರಡು ಎಲೆ. ಎಲೆ ಹಂಚುವ ನೌಕರನ ಒಂದು ಎಲೆ ಎಲ್ಲರಿಗೂ ಕಾಣುವಂತಿರುತ್ತದೆ. ಮತ್ತೊಂದು ಎಲೆ ಕೇಳುವುದೋ, ನಿಲ್ಲುವುದೋ ಆಟಗಾರನ ಇಷ್ಟ. ಹಂಚುವವನಿಗೆ ಮಾತ್ರ ಇಷ್ಟಾನಿಷ್ಟಗಳಿಲ್ಲ. ಸಾಮಾನ್ಯ ನಿಯಮದಂತೆ ಅವನು 16ರವರೆಗೆ ಎಲೆ ತೆಗೆಯಲೇಬೇಕು, 17 ಆದರೆ ನಿಲ್ಲಲೇಬೇಕು.

ಕ್ಯಾಸಿನೊದ ಲಾಭದ ಗುಟ್ಟು ಸರದಿಯಲ್ಲಿದೆ. ಮೊದಲು ಎಲೆ ಕೇಳುವವನು ಆಟಗಾರ. ಅವನು 21 ಮೀರಿದರೆ ಪಣ ಆಗಲೇ ಹೋಯಿತು. ಆಮೇಲೆ ಹಂಚುವವನೂ ಮೀರಿದರೆ ಹಣ ಹಿಂದಿರುಗುವುದಿಲ್ಲ.

ಈಗ ಸ್ವಭಾವದ ಮಾತಿಗೆ ಬರೋಣ. ಅಂಜುಬುರುಕನ ಕೈಯಲ್ಲಿ 10 ಮತ್ತು 6, ಒಟ್ಟು 16 ಇದೆ. ಹಂಚುವವನದು 7 ಕಾಣುತ್ತಿದೆ ಎನ್ನೋಣ. ಇನ್ನೊಂದು ಎಲೆ ಕೇಳಿದರೆ 13 ಬಗೆಯ ಎಲೆಗಳಲ್ಲಿ 8 ಅವನನ್ನು ಮುಳುಗಿಸುತ್ತವೆ. ಆದುದರಿಂದ ಅವನು ಸುಮ್ಮನೆ ನಿಲ್ಲುತ್ತಾನೆ. ಆದರೆ ನಿಂತರೆ ಅವನು ಗೆಲ್ಲುವುದು ಹಂಚುವವನು 21 ಮೀರಿದಾಗ ಮಾತ್ರ; ಅದು ನೂರರಲ್ಲಿ ಸುಮಾರು 26 ಬಾರಿ. ನೂರು ಆಟಗಳ ಲೆಕ್ಕದಲ್ಲಿ, ನಿಂತವನಿಗೆ ಸುಮಾರು 48 ಪಣ ನಷ್ಟ, ಕೇಳಿದವನಿಗೆ ಸುಮಾರು 41. ಎರಡೂ ನಷ್ಟವೇ, ಆದರೆ ಕೇಳುವುದೇ ಮೇಲು. ತನ್ನ ಕೈಯಾರೆ ಕೆಟ್ಟೆನೆಂಬ ಮಾತನ್ನು ತಪ್ಪಿಸಿಕೊಳ್ಳಲು ಆತ ಹೆಚ್ಚು ಕಳೆದುಕೊಳ್ಳುತ್ತಾನೆ. ಲಾಸ್ ವೇಗಾಸಿನ ಮೇಜುಗಳ ಆಟವನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿಯೂ, ಆಟಗಾರರ ತಪ್ಪುಗಳಲ್ಲಿ ಹೆಚ್ಚಿನವು ಹೀಗೆ ಸುಮ್ಮನಿದ್ದುದರಿಂದ ಆದವೆಂದೇ ಕಂಡುಬಂದಿತು.

ಇದೇ ಜಾಗರೂಕನಿಗೆ ಇನ್ನೊಂದು ಬಲೆಯಿದೆ; ಅದರ ಹೆಸರು 'ವಿಮೆ'. ಹಂಚುವವನಿಗೆ ಎಕ್ಕ ಬಿದ್ದಾಗ, ಅವನ ಮುಚ್ಚಿದ ಎಲೆ ಹತ್ತರ ಬೆಲೆಯದೆಂದು ಬೇರೆ ಪಣ ಕಟ್ಟಬಹುದು. ಗೆದ್ದರೆ ಒಂದಕ್ಕೆ ಎರಡು. ಹದಿಮೂರು ಬಾರಿ ಒಂದೊಂದು ರೂಪಾಯಿ ಕಟ್ಟಿದರೆ ಸರಾಸರಿ 4 ಬಾರಿ ಗೆದ್ದು 8 ರೂಪಾಯಿ ಬರುತ್ತದೆ, 9 ಬಾರಿ ಸೋತು 9 ರೂಪಾಯಿ ಹೋಗುತ್ತದೆ. ಹೆಸರು ವಿಮೆಯಾದರೂ ಅದು ಜೂಜಿನೊಳಗಿನ ಜೂಜೇ.

ದುಡುಕಿನವನದು ಬೇರೆ ದಾರಿ. ಹಂಚುವವನ 6 ಎದುರಿಗಿದ್ದರೂ ತನ್ನ 13ಕ್ಕೆ ಎಲೆ ಕೇಳುತ್ತಾನೆ. ಅಲ್ಲಿ ಸುಮ್ಮನಿದ್ದರೆ ಎದುರಿನವನೇ ನೂರರಲ್ಲಿ ಸುಮಾರು 42 ಬಾರಿ ಮೀರುತ್ತಿದ್ದ. ತಾಳ್ಮೆ ಬೇಕಾದೆಡೆಯಲ್ಲಿ ಇವನಿಗೆ ಕೈ ತಡೆಯುವುದಿಲ್ಲ.

ಆತ್ಮವಿಶ್ವಾಸವೂ ಮೋಸಮಾಡುತ್ತದೆ. ಅಮೆರಿಕೆಯ ಮನಃಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ 1975ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸ್ವಾರಸ್ಯವಾಗಿದೆ. ಇಬ್ಬರು ಒಂದೊಂದು ಎಲೆ ಎಳೆಯಬೇಕು. ದೊಡ್ಡ ಎಲೆ ಬಂದವನು ಗೆದ್ದ. ಇದರಲ್ಲಿ ಜಾಣತನಕ್ಕೆ ಎಡೆಯೇ ಇಲ್ಲ. ಆದರೂ ಎದುರಿಗೆ ಅಳುಕಿನ, ಪೆದ್ದನಂತೆ ತೋರುವ ಮನುಷ್ಯ ಕುಳಿತಾಗ ಜನ ಹೆಚ್ಚು ಪಣ ಕಟ್ಟಿದರು. ಠೀವಿಯ ಮನುಷ್ಯ ಕುಳಿತಾಗ ಕಡಿಮೆ. ಎಲೆಗಳಿಗೆ ಮುಖ ನೋಡುವ ಅಭ್ಯಾಸವಿಲ್ಲವೆಂಬುದನ್ನು ಅವರು ಮರೆತಿದ್ದರು.

ಎಲ್ಲರಿಗಿಂತ ಅಪಾಯದಲ್ಲಿರುವವನು ಸೋಲನ್ನು ಸಹಿಸಲಾರದವನು. ಹೋದದ್ದನ್ನು ಈ ರಾತ್ರಿಯೇ ತರುತ್ತೇನೆಂದು ಅವನು ಪಣವನ್ನು ಇಮ್ಮಡಿಸುತ್ತಾನೆ. ನಷ್ಟದಲ್ಲಿದ್ದಾಗ ಮನುಷ್ಯ ಎಂದಿಗಿಂತ ಹೆಚ್ಚು ಸಾಹಸಕ್ಕೆ ಕೈಹಾಕುತ್ತಾನೆಂದು ಕಾಹ್ನೆಮನ್ ಮತ್ತು ಟ್ವರ್ಸ್ಕಿ ಎಂಬ ವಿದ್ವಾಂಸರು 1979ರಲ್ಲಿ ವಿವರಿಸಿದರು. ನಮ್ಮವರಿಗೆ ಇದು ಹೊಸತಲ್ಲ. ಧರ್ಮರಾಯ ಮೊದಲು ಪಣವಿಟ್ಟದ್ದು ಸಂಪತ್ತನ್ನು. ಸೋಲುತ್ತ ಸೋಲುತ್ತ ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು ಇಟ್ಟ. ಉಳಿದೆಲ್ಲದರಲ್ಲಿ ವಿವೇಕಿಯಾದವನೂ ಇಲ್ಲಿ ಜಾರಬಹುದು.

ಹಾಗಾದರೆ ಲೆಕ್ಕಗಾರನ ಪಾಡೇನು? 1956ರಲ್ಲಿ ಅಮೆರಿಕೆಯ ನಾಲ್ವರು ಈ ಆಟದ ಉತ್ತಮ ಕ್ರಮವನ್ನು ಗುಣಿಸಿ ಪ್ರಕಟಿಸಿದರು. ಅದನ್ನು ತಪ್ಪದೆ ಪಾಲಿಸಿದರೆ, ಒಳ್ಳೆಯ ನಿಯಮಗಳಿರುವ ಮೇಜಿನಲ್ಲಿ ನೂರು ರೂಪಾಯಿ ಪಣಕ್ಕೆ ಸರಾಸರಿ ಸುಮಾರು ಅರ್ಧ ರೂಪಾಯಿ ನಷ್ಟ. ಗಂಟೆಗೆ 60 ಆಟ, ಆಟಕ್ಕೆ 1,000 ರೂಪಾಯಿ ಎಂದಿಟ್ಟುಕೊಂಡರೆ 300 ರೂಪಾಯಿ. ತಪ್ಪುಗಳಿಂದ ನಷ್ಟ ನೂರಕ್ಕೆ ಎರಡಾದರೆ ಅದೇ ಗಂಟೆಗೆ 1,200. ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ ಹೋದ ಎಲೆಗಳನ್ನು ನೆನಪಿಟ್ಟು ಗೆಲ್ಲುವ ಬಗೆಯನ್ನು 1962ರ ಪುಸ್ತಕದಲ್ಲಿ ತೋರಿಸಿದನು. ಕ್ಯಾಸಿನೊಗಳೂ ಎಚ್ಚೆತ್ತು, ಹಲವು ಕಟ್ಟುಗಳನ್ನು ಬೆರೆಸಿ ಹಂಚತೊಡಗಿದವು; ಹಾಗೆ ಎಣಿಸುವವರಿಗೆ ಬಾಗಿಲು ತೋರಿಸುವುದೂ ಉಂಟು.

ಮೇಜಿನ ಸುತ್ತ ಕುಳಿತವರೆಲ್ಲರಿಗೂ ಒಂದೊಂದು ಸ್ವಭಾವ. ಒಬ್ಬೊಬ್ಬರ ಸ್ವಭಾವಕ್ಕೂ ಒಂದೊಂದು ಬಲೆ. ಸ್ವಭಾವವಿಲ್ಲದೆ ಆಡುವವನು ಒಬ್ಬನೇ, ಎಲೆ ಹಂಚುವವನು. ಅವನಿಗೆ ಅಂಜಿಕೆಯಿಲ್ಲ, ಛಲವಿಲ್ಲ, ನಿಯಮವಿದೆ. ಅವನ ಹಿಂದೆ ಇರುವ ಹಣ ಬೇಗ ಬತ್ತುವಂಥದಲ್ಲ. ನಮ್ಮ ಗುಣ ನಾವು ಎಷ್ಟು ಬೇಗ, ಎಷ್ಟು ಸೋಲುತ್ತೇವೆಂಬುದನ್ನು ಬದಲಿಸೀತು. ಆಟದ ತಕ್ಕಡಿಯನ್ನು ಬದಲಿಸದು.

ಆದುದರಿಂದ ಹಡಗು ಹತ್ತಲೇಬೇಕೆನ್ನುವವರು ಕಳೆದುಕೊಂಡರೂ ಚಿಂತೆಯಿಲ್ಲದಷ್ಟು ಹಣವನ್ನು ಮಾತ್ರ ಒಯ್ಯಲಿ; ಏಳುವ ಹೊತ್ತನ್ನು ಕುಳಿತುಕೊಳ್ಳುವ ಮೊದಲೇ ಗೊತ್ತುಮಾಡಲಿ. ಸಾಲ ಮಾಡಿ ಆಡುವ, ಮನೆಯಲ್ಲಿ ಮುಚ್ಚಿಡುವ ಹಂತ ಬಂದಿದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಕಾಯಿಲೆಯೆಂದೇ ಎಣಿಸುತ್ತದೆ. ನಾಚದೆ ವೈದ್ಯರನ್ನು ಕಾಣಬೇಕು. ಸಂಬಳದ ಹಣವನ್ನು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಮಾಡಿಕೊಂಡು ಬಂದವನಿಗೆ ಮನೆಯಲ್ಲಿ ಕಾದಿರುವವರ ಮುಖ ನೋಡುವುದು ಯಾವ ಸೋಲಿಗಿಂತಲೂ ಕಷ್ಟ.